ಎಐ ಸಂಶೋಧನೆಗೆ ಅನುದಾನ: ನರಗುಂದದ ನೆಲದ ಮೇಲೆ ನಿಂತು ನೋಡಿದರೆ

ಕೃತಕ ಬುದ್ಧಿಮತ್ತೆಗೆ ಸರ್ಕಾರ ಸಾವಿರಾರು ಕೋಟಿ ಸುರಿಯುತ್ತಿದೆ ಎಂಬ ಸುದ್ದಿ ರೋಣ, ನರಗುಂದ, ಗಜೇಂದ್ರಗಡದ ಪದವಿ ಕಾಲೇಜುಗಳ ಸ್ಟಾಫ್ ರೂಮಿಗೂ ಬರುತ್ತದೆ. ಬಂದಷ್ಟೇ ಬೇಗ ‘ಅದು ಬೆಂಗಳೂರಿನವರ ಕೆಲಸ ಬಿಡ್ರಿ’ ಎಂಬಲ್ಲಿಗೆ ಮುಗಿದೂ ಹೋಗುತ್ತದೆ. ಈ ಮಾತಿನ ಬೆನ್ನಿಗಿರುವ ಕೆಲವು ತಪ್ಪು ತಿಳಿವಳಿಕೆಗಳನ್ನು ಇಲ್ಲಿ ಬಿಡಿಸಿ ನೋಡೋಣ.

ತಪ್ಪು ಕಲ್ಪನೆ: ಎಐ ಎಂಜಿನಿಯರುಗಳ ವಿಷಯ, ಇತಿಹಾಸ, ಸಮಾಜಶಾಸ್ತ್ರದವರಿಗೆ ಅಲ್ಲೇನು ಕೆಲಸ?

ವಾಸ್ತವ: ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಹರ್ಬರ್ಟ್ ಸೈಮನ್ ಡಾಕ್ಟರೇಟ್ ಪಡೆದದ್ದು ರಾಜ್ಯಶಾಸ್ತ್ರದಲ್ಲಿ. ವಿದ್ಯಾರ್ಥಿಯಾಗಿದ್ದಾಗ ಅವರು ಅಧ್ಯಯನಕ್ಕೆ ಎತ್ತಿಕೊಂಡದ್ದು ಮಿಲ್ವಾಕಿ ನಗರಾಡಳಿತದ ವೆಚ್ಚ ಹಂಚಿಕೆಯನ್ನು. 1975ರ ಟ್ಯೂರಿಂಗ್ ಪ್ರಶಸ್ತಿಯೂ 1978ರ ಅರ್ಥಶಾಸ್ತ್ರದ ನೊಬೆಲ್ಲೂ ಬಂದದ್ದು ಇದೇ ಮನುಷ್ಯನಿಗೆ.

ಅಷ್ಟು ದೂರ ಹೋಗುವುದೂ ಬೇಡ. ಕೆಲವು ವರ್ಷಗಳ ಹಿಂದೆ ನರಗುಂದದ ಹಳೆಯ ಓಣಿಗಳಲ್ಲಿ ನೆಲ ಇದ್ದಕ್ಕಿದ್ದಂತೆ ಕುಸಿಯತೊಡಗಿತು. ಮನೆಯೊಳಗೆ, ಅಂಗಳದಲ್ಲಿ, ರಸ್ತೆಯಲ್ಲಿ ಗುಂಡಿಗಳು ಬಿದ್ದವು. ಕಾರಣವಾಗಿ ಮುಖ್ಯವಾಗಿ ಕೇಳಿಬಂದವು ಎರಡು: ಮೇಲೇರಿದ ಅಂತರ್ಜಲ ಮತ್ತು ಹಿಂದಿನವರು ಜೋಳ ತುಂಬಿಡಲು ತೋಡಿದ ಹಗೇವುಗಳು. ಧಾನ್ಯ ಇಡುವುದು ನಿಂತಿತು, ಮೇಲೆ ಮನೆಗಳು ಬಂದವು, ಒಳಗಿನ ಪೊಳ್ಳು ಮಾತ್ರ ಹಾಗೇ ಉಳಿಯಿತು.

ಇಲ್ಲಿ ಎಐಗೆ ಕೆಲಸ ಖಂಡಿತ ಇದೆ. ಯುರೋಪಿನ ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರಗಳು ಯಾರಿಗೆ ಬೇಕಾದರೂ ಉಚಿತ. ನೆಲ ನಿಧಾನವಾಗಿ ತಗ್ಗುತ್ತಿದ್ದರೆ ವರ್ಷಗಳ ಚಿತ್ರ ಹೋಲಿಸಿ ಅದನ್ನು ಅಳೆಯಬಹುದು. ಮುಂದೆ ಅಪಾಯ ಯಾವ ಕಡೆ ಎಂದು ಅಂದಾಜಿಸಲು ಯಂತ್ರಕ್ಕೆ ಕಲಿಸಬಹುದು. ಆದರೆ ಒಂದೇ ಸಲಕ್ಕೆ ಬಾಯಿಬಿಡುವ ಗುಂಡಿಯ ಸುಳಿವು ಆ ಚಿತ್ರಗಳಲ್ಲಿ ಸಿಗುವುದು ಕಷ್ಟ. ಯಾವ ಮನೆಯ ಪಡಸಾಲೆಯ ಕೆಳಗೆ ಹಗೇವು ಇದೆ, ಅದನ್ನು ಮುಚ್ಚಿದ್ದು ಮಣ್ಣಿನಿಂದಲೋ ಬರೀ ಕಲ್ಲುಚಪ್ಪಡಿಯಿಂದಲೋ, ಅಣ್ಣತಮ್ಮಂದಿರು ಪಾಲಾದಾಗ ಅದು ಯಾರ ಗೋಡೆಯಡಿ ಸೇರಿತು ಎಂಬುದು ಗೊತ್ತಿರುವುದು ಎಂಬತ್ತು ದಾಟಿದ ಅಜ್ಜ-ಅಜ್ಜಿಯರಿಗೆ, ಸ್ವಲ್ಪಮಟ್ಟಿಗೆ ಹಳೆಯ ಕಾಗದಪತ್ರಗಳಿಗೆ. ಆ ನೆನಪನ್ನು ಕೇಳಿ, ತಾಳೆ ನೋಡಿ, ನಕ್ಷೆಗೆ ಇಳಿಸುವವರು ಇತಿಹಾಸದವರು. ಅವರು ಕೊಡದೆ ಯಂತ್ರ ಕಲಿಯಲು ಏನೂ ಇಲ್ಲ. ಅಂತರಶಿಸ್ತೀಯ ಸಂಶೋಧನೆ ಎಂದರೆ ಇದು. ಬೇರೆ ಬೇರೆ ವಿಭಾಗದವರು ಒಂದೇ ವೇದಿಕೆಯಲ್ಲಿ ಕೂತು ಶಾಲು ಹೊದಿಸಿಕೊಳ್ಳುವುದಲ್ಲ.

ತಪ್ಪು ಕಲ್ಪನೆ: ಇಂಥದ್ದಕ್ಕೆ ದೇಶದಲ್ಲಿ ದುಡ್ಡಿಲ್ಲ.

ದುಡ್ಡಿದೆ. ಅದು ಹೋಗುವ ದಾರಿ ಬೇರೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಇಂಡಿಯಾಎಐ ಮಿಷನ್ನಿನ ಒಟ್ಟು ಮೊತ್ತ ಐದು ವರ್ಷಕ್ಕೆ 10,371.92 ಕೋಟಿ ರೂಪಾಯಿ. ಅದರಲ್ಲಿ ಗಣನ ಸಾಮರ್ಥ್ಯಕ್ಕೆ, ಅಂದರೆ ಹೆಚ್ಚಾಗಿ ಚಿಪ್ಪುಗಳಿಗೆ, 4,563.36 ಕೋಟಿ. ದತ್ತಾಂಶ ವೇದಿಕೆಗೆ 199.55 ಕೋಟಿ. ಎಐ ಸುರಕ್ಷಿತವೇ, ನಂಬಲರ್ಹವೇ, ಜನರಿಗೆ ಅದರಿಂದ ಅನ್ಯಾಯವಾದೀತೇ ಎಂದು ನೋಡುವ ವಿಭಾಗಕ್ಕೆ 20.46 ಕೋಟಿ. ನೂರು ರೂಪಾಯಿಯಲ್ಲಿ ಇಪ್ಪತ್ತು ಪೈಸೆ! ಚಿಪ್ಪು ದುಬಾರಿ ಎಂಬುದು ನಿಜವೇ. ಆದರೂ ಈ ಅಂತರಕ್ಕೆ ಅದೊಂದೇ ಕಾರಣವೆಂದು ನನಗನ್ನಿಸುವುದಿಲ್ಲ. ಕೃಷಿ, ಆರೋಗ್ಯ, ನಗರಗಳಿಗೆಂದು 990 ಕೋಟಿಯಲ್ಲಿ ಘೋಷಿಸಿದ ಮೂರು ಎಐ ಉತ್ಕೃಷ್ಟತಾ ಕೇಂದ್ರಗಳ ಮುಂದಾಳತ್ವವೂ ಐಐಟಿ ರೋಪರ್‌ಗೆ, ಐಐಟಿ ಕಾನ್ಪುರಕ್ಕೆ ಮತ್ತು ಐಐಟಿ ದೆಹಲಿಯ ಜೊತೆಗೂಡಿದ ಏಮ್ಸ್‌ಗೆ ಹೋಯಿತು.

ಸ್ವೀಡನ್ನಿನಲ್ಲಿ ವಾಲೆನ್‌ಬರ್ಗ್ ಪ್ರತಿಷ್ಠಾನಗಳು ಎಐ ತಂತ್ರಜ್ಞಾನಕ್ಕೆ ಕೊಟ್ಟದ್ದಲ್ಲದೆ, ಅದರಿಂದ ಮನುಷ್ಯರಿಗೂ ಸಮಾಜಕ್ಕೂ ಏನಾಗುತ್ತದೆಂಬ ಅಧ್ಯಯನಕ್ಕೇ 660 ದಶಲಕ್ಷ ಕ್ರೋನಾವನ್ನು ಬೇರೆಯಾಗಿ ತೆಗೆದಿಟ್ಟವು. ಹೀಗೆ ಬೇರೆ ಇಡದಿದ್ದರೆ ಆ ಪಾಲು ಯಂತ್ರದ ಬಾಬ್ತಿನಲ್ಲಿ ಕರಗಿಹೋಗುತ್ತದೆ.

ತಪ್ಪು ಕಲ್ಪನೆ: ಸಮಾಜ ವಿಜ್ಞಾನ, ಮಾನವಿಕ ವಿಷಯಗಳಿಗೆ ಕಾನೂನಿನಲ್ಲೇ ಬಾಗಿಲು ಮುಚ್ಚಿದೆ.

ಅರ್ಧ ತೆರೆದಿದೆ. 2023ರ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಕಾಯ್ದೆಯು ವಿಜ್ಞಾನ, ಎಂಜಿನಿಯರಿಂಗ್, ಕೃಷಿ, ಆರೋಗ್ಯದ ಜೊತೆಗೆ ಮಾನವಿಕ ಮತ್ತು ಸಮಾಜ ವಿಜ್ಞಾನಗಳು ತಂತ್ರಜ್ಞಾನವನ್ನು ಕೂಡುವ ಜಾಗವನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಐದು ವರ್ಷಕ್ಕೆ 50,000 ಕೋಟಿಯ ಅಂದಾಜು; ಸರ್ಕಾರದ ಪಾಲು 14,000 ಕೋಟಿ, ಮಿಕ್ಕದ್ದು ಹೆಚ್ಚಾಗಿ ಉದ್ಯಮ, ದಾನಿಗಳಿಂದ ಬರಬೇಕು. ಪ್ರಬಲ ಸಂಸ್ಥೆಯೊಂದರ ಜೊತೆಗೆ ರಾಜ್ಯ ವಿಶ್ವವಿದ್ಯಾಲಯಗಳನ್ನು ಜೋಡಿಸುವ ‘ಪೇರ್’ ಯೋಜನೆಯೂ ಇದರಲ್ಲಿದೆ. ಇನ್ನು 1969ರಿಂದ ಇರುವ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು ಇದ್ದೇ ಇದೆ.

ತೊಡಕಿರುವುದು ಪರಿಶೀಲನೆಯಲ್ಲಿ. ಹಗೇವಿನ ಪ್ರಸ್ತಾವ ಕಂಪ್ಯೂಟರ್ ತಜ್ಞರ ಸಮಿತಿಗೆ ಹೋದರೆ ‘ಇದರಲ್ಲಿ ಹೊಸ ಅಲ್ಗಾರಿದಂ ಎಲ್ಲಿ?’ ಎನ್ನುತ್ತಾರೆ, ಇತಿಹಾಸದ ಸಮಿತಿಗೆ ಹೋದರೆ ‘ಉಪಗ್ರಹ ಯಾಕೆ ಬೇಕು?’ ಎನ್ನುತ್ತಾರೆ. ಎರಡೂ ಕಡೆ ಸಲ್ಲುವುದು ಎಲ್ಲೂ ಸಲ್ಲದೆ ವಾಪಸು ಬರುತ್ತದೆ.

ತಪ್ಪು ಕಲ್ಪನೆ: ಬೇರೆ ಕಡೆ ತಯಾರಾದ ಎಐ ನಮ್ಮಲ್ಲೂ ಹಾಗೇ ನಡೆಯುತ್ತದೆ.

ಫಸಲ್ ಬಿಮಾದಲ್ಲಿ ಇಳುವರಿಯನ್ನು ತಂತ್ರಜ್ಞಾನದಿಂದ ಅಂದಾಜಿಸುವ ‘ಯೆಸ್-ಟೆಕ್’ ಪದ್ಧತಿ 2023ರ ಮುಂಗಾರಿನಲ್ಲಿ ಶುರುವಾದದ್ದು ಭತ್ತ, ಗೋಧಿಗಳಿಂದ. ರೋಣ, ನರಗುಂದದ ಎರಿಹೊಲದ ಮುಂಗಾರಿ ಪೀಕು ಹೆಸರು. ಅದು ಎರಡು-ಎರಡೂವರೆ ತಿಂಗಳ ಬೆಳೆ. ಆ ಹೊತ್ತಿನಲ್ಲಿ ಆಕಾಶದ ತುಂಬ ಮೋಡ, ಸಾಮಾನ್ಯ ಉಪಗ್ರಹಕ್ಕೆ ಹೊಲವೇ ಕಾಣುವುದಿಲ್ಲ. ಕಂಡರೂ ಸಾಲದು. ರಾಶಿಯ ಹೊತ್ತಿಗೆ ಮಳೆ ಹಿಡಿದುಕೊಂಡರೆ ಕಾಳು ಕಾಯಿಯಲ್ಲೇ ಮೊಳೆಯುತ್ತದೆ. ಮೇಲಿನಿಂದ ನೋಡುವ ಯಂತ್ರಕ್ಕೆ ಬೆಳೆ ಚೆನ್ನಾಗಿ ಬಂದಂತೆ, ರೈತನ ಕೈಗೆ ಮಾತ್ರ ಏನೂ ಇಲ್ಲ. ಈ ಹಾನಿಯನ್ನು ಯಾವ ಅಂಕಿಯಾಗಿ ಬರೆಯಬೇಕು, ಪರಿಹಾರ ತಪ್ಪಿದರೆ ಯಾರನ್ನು ಕೇಳಬೇಕು ಎಂಬುದು ಕೃಷಿ ವಿಜ್ಞಾನಕ್ಕೂ ಕಾನೂನಿಗೂ ಕೋಡ್ ಬರೆಯುವವರಿಗೂ ಸೇರಿದ ಪ್ರಶ್ನೆ. 1980ರ ಜುಲೈ 21ರಂದು ಮಲಪ್ರಭಾ ನೀರಿನ ಕರದ ವಿರುದ್ಧ ಎದ್ದು ನಿಂತ ನರಗುಂದದಲ್ಲಿ ಲೆಕ್ಕ ಕೇಳುವುದು ಹೊಸದೇನಲ್ಲ.

ತಪ್ಪು ಕಲ್ಪನೆ: ಕಂಪನಿಯ ದುಡ್ಡು ಹಿಡಿದರೆ ಕಂಪನಿಯ ಹಾಡನ್ನೇ ಹಾಡಬೇಕು.

ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ಗೂಗಲ್ ನೆರವಿನಿಂದ ಬೆಂಗಳೂರಿನ ಐಐಎಸ್‌ಸಿ ನಡೆಸುವ ‘ವಾಣಿ’ ಯೋಜನೆ ಜಿಲ್ಲೆ ಜಿಲ್ಲೆಯ ಜನರ ಮಾತನ್ನು ಧ್ವನಿಮುದ್ರಿಸಿ ಎಲ್ಲರಿಗೂ ಮುಕ್ತವಾಗಿ ಕೊಡುತ್ತಿದೆ. ಒಳ್ಳೆಯ ಕೆಲಸ. ಆದರೆ ಮಾತು ತಿಳಿಯುವ ಯಂತ್ರಕ್ಕೆ ಕಂಪನಿ ದುಡ್ಡು ಕೊಟ್ಟೀತು. ಗಜೇಂದ್ರಗಡದ ಕೈಮಗ್ಗದ ಪಟ್ಟೆದಂಚು ಸೀರೆಯ ವಿನ್ಯಾಸವನ್ನು ಚಿತ್ರ ಬರೆಯುವ ಎಐ ನಕಲು ಮಾಡಿದರೆ ನೇಕಾರನಿಗೆ ಏನು ಸಲ್ಲಬೇಕು ಎಂಬ ಅಧ್ಯಯನಕ್ಕೆ ಕೊಡುವುದು ಅನುಮಾನ. ಅಂಥವಕ್ಕೆ ವಿಶ್ವವಿದ್ಯಾಲಯವೇ ದುಡ್ಡು ಇಡಬೇಕು.

ಇಡಬಲ್ಲವರು ದೂರವೂ ಇಲ್ಲ. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಐಐಟಿ, ಐಐಐಟಿ ನಾಲ್ಕೂ ಧಾರವಾಡದಲ್ಲಿವೆ. 2016ರ ಕಾಯ್ದೆಯಿಂದ ಹುಟ್ಟಿದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಗದಗದಲ್ಲೇ ಇದೆ. ಇವು ಕೂಡಿ ಸಣ್ಣದೊಂದು ಜಂಟಿ ನಿಧಿ ಇಟ್ಟು, ಎರಡೂ ಕಡೆಯ ತಜ್ಞರಿರುವ ಒಂದೇ ಸಮಿತಿಯಿಂದ ಪ್ರಸ್ತಾವಗಳನ್ನು ಓದಿಸಲಿ. ತಾಲ್ಲೂಕು ಕಾಲೇಜಿನ ಅಧ್ಯಾಪಕರಲ್ಲಿ ಒಂದು ವಿನಂತಿ: ಅರ್ಜಿ ತುಂಬುವಾಗ ಕಂಪ್ಯೂಟರಿನ ಬೆಲೆ ಬರೆಯುವ ಮುಂಚೆ, ಓಣಿ ಓಣಿ ತಿರುಗಿ ಮಾಹಿತಿ ತರುವ ಹುಡುಗ-ಹುಡುಗಿಯರ ಸಂಬಳ ಬರೆಯಿರಿ.