ಕಿಟಕಿಯ ಬೆಳಕಿನಲ್ಲಿ ಬಿಳಿ ಸೇವಂತಿಗೆ

ಹಗಲು ಕಿರಿದಾದಾಗ ಅರಳುವ ಹೂ ಸೇವಂತಿಗೆ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿರುವುದರಿಂದ ನಮ್ಮ ನಾಡಿನ ಮನೆಗಳ ಉತ್ತರದ ಕಿಟಕಿಗೆ ನೇರ ಬಿಸಿಲು ತಾಗದು; ದಿನವಿಡೀ ಸೌಮ್ಯವಾದ ಬೆಳಕೇ ಒಳಬರುತ್ತದೆ. ಹೂವಿನ ಛಾಯಾಚಿತ್ರಕ್ಕೆ ಇದಕ್ಕಿಂತ ಮಿಗಿಲಾದ ದೀಪವನ್ನು ನಾವು ಕಂಡಿಲ್ಲ. ಫ್ಲಾಷ್ ಅಂತೂ ದಳದ ಮೃದುತ್ವವನ್ನೇ ಕಸಿದುಕೊಳ್ಳುತ್ತದೆ. ಕೋಣೆಯ ಹಳದಿ ಬಲ್ಬನ್ನೂ ಆರಿಸುವುದು ಲೇಸು.

ಬಿಳಿಯ ಹೂವಿನಲ್ಲಿಯೇ ನಿಜವಾದ ಪರೀಕ್ಷೆ. ಕ್ಯಾಮೆರಾದ ಬೆಳಕಿನ ಮಾಪಕವು ಎದುರಿನದನ್ನೆಲ್ಲ ನಡು ಬೂದುಬಣ್ಣವೆಂದೇ ಎಣಿಸುವುದರಿಂದ, ಚೌಕಟ್ಟನ್ನು ತುಂಬಿದ ಬಿಳಿ ಸೇವಂತಿಗೆಯು ಚಿತ್ರದಲ್ಲಿ ಮಾಸಿದ ಬಟ್ಟೆಯಂತೆ ಮೂಡುತ್ತದೆ. ಮಾಪಕವು ಸೂಚಿಸಿದ್ದರ ಎರಡರಷ್ಟು, ಎಂದರೆ 1 ಸ್ಟಾಪ್ ಹೆಚ್ಚು ಬೆಳಕು ಕೊಟ್ಟರೆ ಬಿಳುಪು ಮರಳುತ್ತದೆ. ಮೊಬೈಲಿನಲ್ಲಾದರೆ ಹೂವಿನ ಮೇಲೆ ಬೆರಳೊತ್ತಿ ಹೊಳಪನ್ನು ಏರಿಸಬೇಕು. ಆದರೆ ದಳದ ಗೆರೆಗಳು ಅಳಿಸಿಹೋಗದಷ್ಟು ಮಾತ್ರ. ನೆರಳಿನ ಬದಿಗೆ ಒಂದು ಬಿಳಿ ಹಾಳೆ ನಿಲ್ಲಿಸಿದರೆ ಕಪ್ಪು ತಿಳಿಯಾಗುತ್ತದೆ.

ಇಂತಹ ಮಂದ ಬೆಳಕಿನಲ್ಲಿ ಚಿತ್ರವು ಮೂಡಲು 1/4 ಸೆಕೆಂಡ್ ಬೇಕಾದೀತು. ಅಷ್ಟು ಹೊತ್ತು ಕೈ ನಿಲ್ಲದು. ಮುಕ್ಕಾಲಿ ಇಲ್ಲದವರಿಗೆ ನಾಲ್ಕಾರು ದಪ್ಪ ಪುಸ್ತಕಗಳ ಅಟ್ಟಿಯೇ ಸಾಕು. ಫ್ಯಾನ್ ನಿಲ್ಲಿಸಿ, ಬಾಗಿಲು ಮುಚ್ಚಿ, ಹತ್ತು ಸೆಕೆಂಡಿನ ಟೈಮರ್ ಇಟ್ಟು ದೂರ ಸರಿಯಬೇಕು. ಬರ್ಲಿನ್ನಿನ ಕಲಾಶಿಕ್ಷಕ ಕಾರ್ಲ್ ಬ್ಲಾಸ್‌ಫೆಲ್ಡ್ ತಾವೇ ಕಟ್ಟಿಕೊಂಡ ಕ್ಯಾಮೆರಾದಿಂದ ಮೊಗ್ಗು, ಕುಡಿಗಳ ಚಿತ್ರ ತೆಗೆದು 1928ರಲ್ಲಿ ಪುಸ್ತಕವಾಗಿಸಿದರು. ಸರಳವಾದ ಹಿನ್ನೆಲೆ ಮಾತ್ರ ಅವುಗಳ ಆಭರಣ. ನಮ್ಮಲ್ಲಿ ಅಜ್ಜಿಯ ಹಳೆಯ ಕಂಬಳಿಯೂ ಆ ಕೆಲಸಕ್ಕೆ ಒದಗುತ್ತದೆ.