ಟಿ ಕೋಶದ ಸಹಿ ಇಲ್ಲದೆ ಕೆಲಸ ಆಗದು!

ಬಿಇ ನಾಲ್ಕನೇ ಸೆಮಿಸ್ಟರಿನಲ್ಲಿ ನಮಗೆ ‘ಬಯಾಲಜಿ ಫಾರ್ ಎಂಜಿನಿಯರ್ಸ್’ ಎಂಬ ಪುಟ್ಟ ವಿಷಯವೊಂದಿದೆ. ಪಿಯುಸಿಯಲ್ಲೇ ಜೀವಶಾಸ್ತ್ರದಿಂದ ಪಾರಾದೆವು ಎಂದುಕೊಂಡಿದ್ದವರಿಗೆ ಅದು ಮತ್ತೆ ಗಂಟುಬಿದ್ದಿದೆ. ಆ ನೆಪದಲ್ಲಿ ಓದಲು ಕೂತ ನನಗೆ ತುಂಬಾ ಹಿಡಿಸಿದ್ದು ನಮ್ಮ ರೋಗನಿರೋಧಕ ವ್ಯವಸ್ಥೆಯ ಒಂದು ಸುರಕ್ಷತಾ ನಿಯಮ.

ರೋಗಾಣುವಿಗೆ ಅಂಟಿಕೊಂಡು ಅದನ್ನು ಅಡಗಿಸುವ ಪ್ರತಿಕಾಯಗಳನ್ನು ತಯಾರಿಸುವುದು ಬಿ ಕೋಶದ ಕೆಲಸ. ಆದರೆ ರೋಗಾಣು ಕೈಗೆ ಸಿಕ್ಕ ಮಾತ್ರಕ್ಕೆ ಅದು ಪೂರ್ಣ ಪ್ರಮಾಣದ ಉತ್ಪಾದನೆಗೆ ಇಳಿಯುವಂತಿಲ್ಲ. ಹಿಡಿದದ್ದನ್ನು ನುಂಗಿ, ಅದರ ಪ್ರೊಟೀನನ್ನು ಕತ್ತರಿಸಿ, ಚೂರೊಂದನ್ನು ತನ್ನ ಹೊರಮೈಗೆ ತಂದು ‘ಸಹಾಯಕ ಟಿ ಕೋಶ’ಕ್ಕೆ ತೋರಿಸಬೇಕು. ಟಿ ಕೋಶವೂ ಅದನ್ನು ಗುರುತು ಹಿಡಿದರೆ, ಬಿ ಕೋಶದ ಮೇಲಿರುವ ಸಿಡಿ40 ಎಂಬ ಸ್ವಿಚ್ ಒತ್ತುತ್ತದೆ. ಆಗ ಬಿ ಕೋಶಗಳು ದುಪ್ಪಟ್ಟಾಗುತ್ತಾ ಹೋಗಿ, ಪ್ರತಿಕಾಯದ ವಿನ್ಯಾಸವನ್ನೇ ತಿದ್ದಿ ಉತ್ತಮಪಡಿಸುತ್ತವೆ. ಕೆಲವು ನೆನಪಿನ ಕೋಶಗಳಾಗಿ ವರ್ಷಗಟ್ಟಲೆ ಉಳಿಯುತ್ತವೆ. ಬ್ಯಾಂಕಿನ ಜಂಟಿ ಖಾತೆಯಂತೆ ಎರಡು ಸಹಿ ಬೇಕು. ನಮ್ಮ ಮೈಮೇಲೆ ನಾವೇ ದಾಳಿ ಮಾಡಿಕೊಳ್ಳದಿರಲು ಇದೊಂದು ಕಾವಲು.

ತೊಡಕು ಬರುವುದು ಹಿಬ್‌ನಂಥ ಬ್ಯಾಕ್ಟೀರಿಯಾಗಳಿಂದ. ಮಕ್ಕಳ ಮಿದುಳಿನ ಪೊರೆಗೆ ಸೋಂಕು ತಗುಲಿಸುವ ಇದು ಸಕ್ಕರೆಯ ಸರಪಳಿಯ ಕವಚ ತೊಟ್ಟಿರುತ್ತದೆ. ಟಿ ಕೋಶ ಓದುವುದು ಪ್ರೊಟೀನಿನ ಚೂರನ್ನು. ಸಕ್ಕರೆ ಅದಕ್ಕೆ ಅರ್ಥವಾಗದ ಲಿಪಿ. ದೊಡ್ಡವರ ಬಿ ಕೋಶಗಳು ಹೇಗೋ ಒಂಟಿಯಾಗಿ ನಿಭಾಯಿಸುತ್ತವೆ, ಎರಡು ವರ್ಷದೊಳಗಿನ ಕೂಸುಗಳಲ್ಲಿ ಅದೂ ಆಗದು. ರೋಗ ಹೆಚ್ಚಾಗಿ ಎರಗುವುದೂ ಆ ಕೂಸುಗಳ ಮೇಲೆಯೇ. 1985ರಲ್ಲಿ ಅಮೆರಿಕದಲ್ಲಿ ಬಂದ ಬರಿ ಸಕ್ಕರೆಯ ಲಸಿಕೆ ಅವರಿಗೆ ಉಪಯೋಗಕ್ಕೆ ಬರಲಿಲ್ಲ.

ಪರಿಹಾರ ನೋಡಿ, ಯಾವ ಎಂಜಿನಿಯರಾದರೂ ತಲೆದೂಗಬೇಕು. ಆ ಸಕ್ಕರೆಯನ್ನು ನಿರಪಾಯಕಾರಿ ಪ್ರೊಟೀನೊಂದಕ್ಕೆ ಕಟ್ಟಿಬಿಟ್ಟರು. ಬಿ ಕೋಶ ಸಕ್ಕರೆಯನ್ನು ಹಿಡಿದು ಇಡೀ ಗಂಟನ್ನೇ ನುಂಗುತ್ತದೆ, ಪ್ರೊಟೀನಿನ ಚೂರನ್ನು ತೋರಿಸುತ್ತದೆ, ಟಿ ಕೋಶ ಸಹಿ ಹಾಕುತ್ತದೆ. ತಯಾರಾಗುವ ಪ್ರತಿಕಾಯ ಮಾತ್ರ ಸಕ್ಕರೆಯ ವಿರುದ್ಧ! ಇಂಥ ಮೊದಲ ಹಿಬ್ ಲಸಿಕೆಗೆ 1987ರಲ್ಲಿ ಅನುಮತಿ ಸಿಕ್ಕಿತು. ವಿಚಿತ್ರವೆಂದರೆ, ಸಕ್ಕರೆಗೆ ಪ್ರೊಟೀನು ಕಟ್ಟಿದರೆ ಫಲವಿದೆ ಎಂದು ಏವರಿ ಮತ್ತು ಗೋಬೆಲ್ 1929ರಲ್ಲೇ ತೋರಿಸಿದ್ದರು, ಟಿ ಕೋಶದ ಹೆಸರೇ ಹುಟ್ಟಿರದ ಕಾಲದಲ್ಲಿ.

ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸುವ, ಆರು ತಿಂಗಳ ಮಗುವಿಗೂ ಕೊಡಬಹುದಾದ ಟೈಫಾಯ್ಡ್ ಲಸಿಕೆಯದೂ ಇದೇ ತಂತ್ರ. ಹಿಬ್ ಲಸಿಕೆ 2011ರಿಂದ ನಮ್ಮ ದೇಶದ ಸರ್ಕಾರಿ ಲಸಿಕಾ ಕಾರ್ಯಕ್ರಮದೊಳಕ್ಕೆ ಬಂತು. ಅಕ್ಕನ ಮಗುವಿನ ತಾಯಿ ಕಾರ್ಡ್ ಸಿಕ್ಕರೆ ತೆರೆದು ನೋಡಿ: 6, 10 ಮತ್ತು 14ನೇ ವಾರದಲ್ಲಿ ‘ಪೆಂಟಾ’ ಎಂದಿರುತ್ತದಲ್ಲ, ಅದರೊಳಗಿನ ಐದರಲ್ಲಿ ಒಂದು ಇದೇ.