ಹಿತ್ತಲಿನ ಹಕ್ಕಿ ನೆಲದಲ್ಲಿ ಹೊರಳಿದರೆ: ಸಹಜ ವರ್ತನೆಯೋ, ವಿಷದ ಲಕ್ಷಣವೋ?

ಹಿತ್ತಲಿನಲ್ಲಿ ರೆಕ್ಕೆ ಹರಡಿ ಬಿದ್ದಂತಿರುವ ಹಕ್ಕಿಯನ್ನು ಕಂಡು ರೈತಬಾಂಧವರು ಗಾಬರಿಗೊಳ್ಳುವುದುಂಟು. ಹಲವು ಬಾರಿ ಅದು ಸಹಜ ವರ್ತನೆಯೇ ಆಗಿರುತ್ತದೆ. ಗುಬ್ಬಚ್ಚಿಗಳು ಒಣ ಮಣ್ಣಿನಲ್ಲಿ ಸಣ್ಣ ಗುಳಿ ಮಾಡಿ, ಗರಿಗಳ ನಡುವೆ ಧೂಳು ತುಂಬಿಕೊಂಡು ಕೊಡವುತ್ತವೆ. ಹೆಚ್ಚುವರಿ ಜಿಡ್ಡು ಧೂಳಿನೊಂದಿಗೆ ಉದುರಿ ಗರಿಗಳು ಶುಚಿಯಾಗುತ್ತವೆ. ನಾಟಿ ಕೋಳಿಯ ಧೂಳುಸ್ನಾನವೂ ಇದೇ. ಕೆಲವು ಹಕ್ಕಿಗಳು ಕೊಕ್ಕು ತೆರೆದು, ರೆಕ್ಕೆ ಚಾಚಿ ಬಿಸಿಲು ಕಾಯಿಸುತ್ತವೆ. ಕಾಗೆ, ಗೊರವಂಕಗಳು ಇರುವೆಗಳಿರುವಲ್ಲಿ ರೆಕ್ಕೆ ಹರಡಿ ಕುಳಿತುಕೊಳ್ಳುವುದು ಅಥವಾ ಇರುವೆಯನ್ನು ಕೊಕ್ಕಿನಲ್ಲಿ ಹಿಡಿದು ಗರಿಗೆ ಉಜ್ಜಿಕೊಳ್ಳುವುದು ನೋಡಲು ಇನ್ನೂ ವಿಚಿತ್ರ. ಇರುವೆಯ ಫಾರ್ಮಿಕ್ ಆಮ್ಲವು ಹೇನುಗಳನ್ನು ದೂರವಿಡುತ್ತದೆ ಎಂಬ ವಿವರಣೆಯಿದ್ದರೂ ಈ ಕುರಿತು ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ.

ನೀವು ಹತ್ತಿರ ಹೋದೊಡನೆ ಆರೋಗ್ಯವಂತ ಹಕ್ಕಿ ಹಾರಿಹೋಗುತ್ತದೆ. ಈಗಷ್ಟೇ ಗೂಡು ಬಿಟ್ಟ ಮರಿ ಮಾತ್ರ ಹಾರದಿರಬಹುದು. ತಾಯಿಹಕ್ಕಿ ಸಮೀಪದಲ್ಲಿಯೇ ಇರುವುದರಿಂದ ಅದನ್ನು ಮುಟ್ಟದಿರಿ.

ಬೆಳೆದ ಹಕ್ಕಿಯೊಂದು ನಿಲ್ಲಲಾರದೆ ಮಗುಚಿ ಬೀಳುತ್ತ, ನಡುಗುತ್ತ, ಬಾಯಿಯಿಂದ ಜೊಲ್ಲು ಸುರಿಸುತ್ತ, ಏದುಸಿರು ಬಿಡುತ್ತಿದ್ದರೆ ಮೊದಲು ಕೀಟನಾಶಕವನ್ನು ಶಂಕಿಸಬೇಕು. ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಗುಂಪಿನ ವಿಷಗಳು ನರಗಳ ಸಂದೇಶವನ್ನು ನಿಲ್ಲಿಸುವ ಕಿಣ್ವವನ್ನೇ ತಡೆಯುತ್ತವೆ. ಸ್ನಾಯುಗಳು ಎಡೆಬಿಡದೆ ಅದುರಿ, ಕೊನೆಗೆ ಉಸಿರಾಟ ನಿಲ್ಲುತ್ತದೆ. ಕಾರ್ಬೋಫ್ಯೂರಾನ್ ಹರಳುಗಳು ಹಕ್ಕಿಯ ಕಣ್ಣಿಗೆ ಕಾಳಿನಂತೆಯೇ ಕಾಣುತ್ತವೆ. ಸಣ್ಣ ಹಕ್ಕಿಯ ಪ್ರಾಣಕ್ಕೆ ಕೆಲವೇ ಹರಳುಗಳು ಸಾಕು. ಅವನ್ನೇ ನಿಮ್ಮ ಕೋಳಿಗಳೂ ಹೆಕ್ಕುತ್ತವೆ ಎಂಬುದನ್ನು ಗಮನಿಸಿ. ಸತ್ತ ಬೆಳವ, ಪಾರಿವಾಳಗಳನ್ನು ತಿನ್ನುವುದು, ನಾಯಿಗೆ ಹಾಕುವುದು ಸರ್ವಥಾ ಸಲ್ಲದು.

ಒಂದೇ ಸ್ಥಳದಲ್ಲಿ ಹಲವು ಹಕ್ಕಿಗಳು ಸತ್ತಿದ್ದರೆ, ಅಥವಾ ಕತ್ತು ತಿರುಚಿಕೊಂಡಿದ್ದರೆ, ಕೊಕ್ಕರೆ ರೋಗ (ರಾಣಿಖೇತ್) ಇಲ್ಲವೆ ಹಕ್ಕಿಜ್ವರವೂ ಇರಬಹುದು. ಬರಿಗೈಯಿಂದ ಮುಟ್ಟದೆ, ಕೋಳಿಗಳನ್ನು ಕೂಡಿಹಾಕಿ, ಪಶು ಆಸ್ಪತ್ರೆಗೆ ಅಥವಾ 1962 ಸಂಖ್ಯೆಗೆ ತಿಳಿಸಿರಿ. ವಿಷವೆಂದು ಖಚಿತವಾದಲ್ಲಿ ಬದುಕಿರುವ ಕೋಳಿಗಳಿಗೆ ಪಶುವೈದ್ಯರು ಅಟ್ರೋಪಿನ್ ನೀಡಬಲ್ಲರು. ಹೊತ್ತು ಕಳೆದರೆ ಪ್ರಯೋಜನ ಕಡಿಮೆ.

ಬೀಜೋಪಚಾರ ಮಾಡಿದ ಬೀಜವು ಹೆಚ್ಚಾಗಿ ಚೆಲ್ಲುವುದು ಕೂರಿಗೆ ತಿರುಗಿಸುವ ಹೊಲದ ಅಂಚುಗಳಲ್ಲಿ ಮತ್ತು ಚೀಲ ಬಿಚ್ಚುವ ಬದುವಿನ ಮೇಲೆ. ಅಂದೇ ಅದನ್ನು ಆಯ್ದು ತೆಗೆಯಿರಿ, ಇಲ್ಲವೆ ಮಣ್ಣಿನಿಂದ ಮುಚ್ಚಿರಿ. ಹರಳುಗಳನ್ನು ಮೇಲೆ ಎರಚದೆ ಸಾಲಿನೊಳಗೆ ಹಾಕಿ ಮಣ್ಣೆಳೆಯಿರಿ. ಉಪಚರಿಸಿದ ಬೀಜ ಉಳಿದರೆ, ತೊಳೆದ ನಂತರವೂ ಕೋಳಿಗೆ ಹಾಕಬೇಡಿರಿ.